ಅಪಾರ್ಟ್‌ಮೆಂಟ್ ಸಂಘದ ಕಮಿಟಿಗೆ ಹೊಸಬರು: ಮೊದಲ ಮೂರು ತಿಂಗಳಲ್ಲಿ ಏನೇನು ಮಾಡಬೇಕು?

ಪ್ರಶ್ನೆ: ಹೊಸ ಕಾರ್ಯದರ್ಶಿ, ವೈಟ್‌ಫೀಲ್ಡ್

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರದ ವಾರ್ಷಿಕ ಸಭೆಯಲ್ಲಿ ನಮ್ಮ ಸಂಘಕ್ಕೆ ಹೊಸ ಕಮಿಟಿ ಆಯ್ಕೆಯಾಗಿದೆ. ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಬ್ಲಾಕ್, 120 ಮನೆ, ಒಟ್ಟು ಸುಮಾರು 1,56,000 ಚದರಡಿ. ಮೇಂಟೆನೆನ್ಸ್ ಚದರಡಿಗೆ ತಿಂಗಳಿಗೆ 3.50 ರೂಪಾಯಿ. ಬಿಲ್ಡರ್ ಮನೆಗಳನ್ನು ಕೊಟ್ಟು ನಾಲ್ಕು ವರ್ಷ ದಾಟಿದೆ. ಸಂಘ 1960ರ ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ನಾಲ್ಕು ಲಿಫ್ಟ್, ಒಂದು ಜನರೇಟರ್, ಒಂದು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಎರಡು ಬೋರ್‌ವೆಲ್ ಇವೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಲೇಬೇಕು. ಕಾರ್ಪಸ್ (ಸಂಘದ ಮೂಲ ನಿಧಿ) 78 ಲಕ್ಷ, ಪೂರ್ತಿ ಒಂದೇ ಸಹಕಾರಿ ಬ್ಯಾಂಕಿನ ಎಫ್‌ಡಿಯಲ್ಲಿದೆ. ಬಾಕಿ ಉಳಿಸಿಕೊಂಡವರು 11 ಮನೆಯವರು.

ಹಳೇ ಕಮಿಟಿಯವರು ಒಂದು ರಟ್ಟಿನ ಡಬ್ಬಿ ತುಂಬ ಫೈಲು, ಒಂದು ಪೆನ್‌ಡ್ರೈವ್ ಕೊಟ್ಟಿದ್ದಾರೆ. ಕಮಿಟಿಯಲ್ಲಿ ಏಳು ಜನ ಇದ್ದೇವೆ, ಎಲ್ಲರೂ ಕೆಲಸಕ್ಕೆ ಹೋಗುವವರೇ, ವಾರಕ್ಕೆ ನಾಲ್ಕೈದು ಗಂಟೆ ಕೊಡಬಹುದು. ಯಾವುದರಿಂದ ಶುರು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಿದರೆ ತೊಂದರೆ, ಯಾವುದಕ್ಕೆ ಕಾನೂನಿನ ಗಡುವು ಇದೆ? ಅನುಭವಿಗಳು ದಯವಿಟ್ಟು ಬಿಡಿಸಿ ಹೇಳಿ.


ಉತ್ತರ 1: ಕಾಗದಪತ್ರ

ಅಭಿನಂದನೆ ಸರ್. ಗಡುವು ಇರುವ ಎರಡು ವಿಷಯ ಮೊದಲು ಹೇಳುತ್ತೇನೆ, ಉಳಿದದ್ದು ಆಮೇಲೆ.

ಒಂದು, ಸೊಸೈಟಿ ಕಾಯ್ದೆಯ ಪ್ರಕಾರ ವಾರ್ಷಿಕ ಸಭೆ ನಡೆದ 14 ದಿನದೊಳಗೆ ಹೊಸ ಕಮಿಟಿಯ ಪಟ್ಟಿ (ಹೆಸರು, ವಿಳಾಸ, ಉದ್ಯೋಗ) ಮತ್ತು ಆಡಿಟ್ ಆದ ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಿಮ್ಮ ಸಭೆ ಹೋದ ಭಾನುವಾರ ಆಯಿತು ಅಂದರೆ ದಿನಗಳು ಈಗಾಗಲೇ ಓಡುತ್ತಿವೆ. ಹಿಂದಿನ ವರ್ಷಗಳದ್ದು ಸಲ್ಲಿಕೆ ಆಗಿದೆಯೋ ಇಲ್ಲವೋ ಅಂತ ಅದೇ ಕಚೇರಿಯಲ್ಲಿ ವಿಚಾರಿಸಿ, ಸ್ವೀಕೃತಿ ಪ್ರತಿ ಕೇಳಿ. ಎರಡು ಮೂರು ವರ್ಷದ್ದು ಸಲ್ಲಿಸದೆ ಬಿಟ್ಟಿರುವುದು ಬಹಳ ಸಂಘಗಳಲ್ಲಿ ಕಾಣುತ್ತದೆ. ನಾಳೆ ಯಾರಾದರೂ ಸದಸ್ಯರು ದೂರು ಕೊಟ್ಟು ವಿಚಾರಣೆ ಶುರುವಾದರೆ ಮೊದಲು ಎತ್ತಿ ತೋರಿಸುವುದು ಇದನ್ನೇ.

ಎರಡು, ಇದು ಇನ್ನೂ ದೊಡ್ಡದು. 2016ರ ರೇರಾ ಕಾಯ್ದೆಯ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ನಿಮಗೆ ನಾಲ್ಕು ವರ್ಷ ಕಳೆದಿದೆ. ಅಂದರೆ ನಿಮ್ಮ ಕಮಿಟಿಯ ಅವಧಿಯಲ್ಲೇ ಈ ಬಾಗಿಲು ಮುಚ್ಚುತ್ತದೆ. ಬೇರೆಲ್ಲ ಕೆಲಸ ಒಂದು ತಿಂಗಳು ತಡವಾದರೂ ನಡೆದೀತು, ಇದು ನಡೆಯುವುದಿಲ್ಲ. ಬಿಲ್ಡರ್ ಜೊತೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರಿಶೀಲನೆ ಮಾಡಿಸಿ. ಬೇಸ್‌ಮೆಂಟ್ ಗೋಡೆಯಲ್ಲಿ ನೀರು ಜಿನುಗುವುದು, ಪೋಡಿಯಂ ಸ್ಲ್ಯಾಬಿನ ಸೋರಿಕೆ, ಎಕ್ಸ್‌ಪ್ಯಾನ್ಷನ್ ಜಾಯಿಂಟ್, ತಾರಸಿಯ ವಾಟರ್‌ಪ್ರೂಫಿಂಗ್, ಹೊರಗೋಡೆ ಬಿರುಕು, ಶಾಫ್ಟ್‌ಗಳ ಒಳಗಿನ ಪೈಪ್ ಸೋರಿಕೆ ಇವಿಷ್ಟನ್ನೂ ಜಾಗ, ದಿನಾಂಕ, ಫೋಟೋ ಸಮೇತ ಪಟ್ಟಿ ಮಾಡಿಸಿ. ಮಳೆಗಾಲದಲ್ಲಿ ಒಮ್ಮೆ ನೋಡದಿದ್ದರೆ ಅರ್ಧ ಸೋರಿಕೆ ಕಣ್ಣಿಗೇ ಬೀಳುವುದಿಲ್ಲ. ಪಟ್ಟಿಯನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಸ್ಪೀಡ್ ಪೋಸ್ಟ್ ಮೂಲಕವೂ ಇಮೇಲ್ ಮೂಲಕವೂ ಕಳುಹಿಸಿ. ಬಿಲ್ಡರ್‌ನ ಸೈಟ್ ಎಂಜಿನಿಯರ್‌ಗೆ ವಾಟ್ಸಾಪ್ ಮಾಡಿದ್ದನ್ನೇ ನೋಟಿಸ್ ಅಂದುಕೊಂಡು ಕೂರಬೇಡಿ. ಐದು ವರ್ಷದ ಲೆಕ್ಕ ಯಾವ ದಿನದಿಂದ ಅನ್ನುವ ವಾದವೇ ಬಾರದ ಹಾಗೆ, ಮೊತ್ತಮೊದಲು ಕೀಲಿ ಪಡೆದ ಮನೆಯ ದಿನಾಂಕವನ್ನು ಹಿಡಿದು ಅದಕ್ಕಿಂತ ಮೊದಲೇ ಕಳುಹಿಸುವುದು ಕ್ಷೇಮ.

ಇನ್ನು ಡಬ್ಬಿಯ ವಿಚಾರ. ಒಂದು ಶನಿವಾರ ಇಬ್ಬರು ಕೂತು ಹಸ್ತಾಂತರ ಪಟ್ಟಿ ಬರೆಯಿರಿ. ಇರಬೇಕಾದವು: ಮಂಜೂರಾದ ನಕ್ಷೆ, ಓಸಿ (ವಾಸಯೋಗ್ಯ ಪ್ರಮಾಣಪತ್ರ), ನೋಂದಾಯಿತ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಅಪಾರ್ಟ್‌ಮೆಂಟ್ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ಇದ್ದರೆ ಅದರ ದೃಢೀಕೃತ ಪ್ರತಿ, ಬೈಲಾ, ಅಗ್ನಿಶಾಮಕ ಇಲಾಖೆಯ ಪತ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ವಿದ್ಯುತ್ ಪರಿವೀಕ್ಷಣಾಲಯದ ಲಿಫ್ಟ್ ಲೈಸೆನ್ಸ್ ಮತ್ತು ಜನರೇಟರ್ ಅನುಮೋದನೆ, ಬೆಸ್ಕಾಂ ಮಂಜೂರಾತಿ, ಜಲಮಂಡಳಿ ಸಂಪರ್ಕದ ಕಾಗದ, ಬೋರ್‌ವೆಲ್ ನೋಂದಣಿ, ಎಲ್ಲ ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರು, ಕೊಳಾಯಿ ಮತ್ತು ವಿದ್ಯುತ್ತಿನ ಆ್ಯಸ್ ಬಿಲ್ಟ್ ನಕ್ಷೆ (ನಿಜವಾಗಿ ಕಟ್ಟಿದ ಹಾಗೆ ಬರೆದದ್ದು). ಪ್ರತಿಯೊಂದರ ಎದುರು ಮೂರು ಕಾಲಂ ಹಾಕಿ: ಮೂಲ ಪ್ರತಿ ಇದೆಯೇ, ಅವಧಿ ಯಾವತ್ತು ಮುಗಿಯುತ್ತದೆ, ನವೀಕರಣ ಯಾರ ಹೊಣೆ. ಪಟ್ಟಿಗೆ ಹಳೇ ಕಾರ್ಯದರ್ಶಿಯ ಸಹಿ, ನಿಮ್ಮ ಸಹಿ ಎರಡೂ ಬೀಳಲಿ. ಇಲ್ಲದ್ದನ್ನು ‘ಸಿಕ್ಕಿಲ್ಲ’ ಅಂತಲೇ ಬರೆಯಿರಿ. ಅವರ ಮೇಲೆ ಆರೋಪ ಹೊರಿಸಲಿಕ್ಕಲ್ಲ. ಎರಡು ವರ್ಷ ಬಿಟ್ಟು ನಿಮ್ಮ ನಂತರದವರು ಕೇಳಿದಾಗ ಉತ್ತರ ಇರಬೇಕಲ್ಲ.

ನೋಂದಣಿ ಬಗ್ಗೆ ಒಂದು ಮಾತು. ವಸತಿ ಅಪಾರ್ಟ್‌ಮೆಂಟಿನ ಮಾಲೀಕರ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರಬೇಕು ಅಂತ ಹೈಕೋರ್ಟ್ ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿದೆ. ಆ ಕಾಯ್ದೆ ಅನ್ವಯ ಆಗುವುದು ಡಿಕ್ಲರೇಷನ್ ನೋಂದಣಿ ಆದ ಮೇಲೆ. ನಿಮ್ಮ ಸೇಲ್ ಡೀಡ್‌ಗಳಲ್ಲಿ ಡಿಕ್ಲರೇಷನ್ ಪ್ರಸ್ತಾಪ ಇದೆಯಾ, ಜಮೀನಿನಲ್ಲಿ ಮನೆಯ ಅವಿಭಾಜ್ಯ ಪಾಲು ಎಷ್ಟು ಶೇಕಡಾ ಅಂತ ಬರೆದಿದ್ದಾರಾ ಅಂತ ಐದಾರು ಮನೆಯವರ ಪತ್ರ ತೆಗೆದು ನೋಡಿ, ಆಸ್ತಿ ವ್ಯವಹಾರ ಬಲ್ಲ ವಕೀಲರಿಗೆ ತೋರಿಸಿ. ಮೊದಲ ಮೂರು ತಿಂಗಳಲ್ಲಿ ಬದಲಾಯಿಸಲು ಹೊರಡಬೇಡಿ. ಸ್ಥಿತಿ ಏನು ಅಂತ ಅಭಿಪ್ರಾಯ ಲಿಖಿತವಾಗಿ ತೆಗೆದುಕೊಂಡು ಮುಂದಿನ ಸಾಮಾನ್ಯ ಸಭೆಗೆ ಒಯ್ಯಿರಿ.


ಉತ್ತರ 2: ಜಮಾಖರ್ಚು

ಮೇಲಿನವರು ಹೇಳಿದ್ದಕ್ಕೆ ಹಣಕಾಸಿನ ಭಾಗ ಸೇರಿಸುತ್ತೇನೆ. ನಿಮ್ಮ ಖಜಾಂಚಿಗೂ ಇದನ್ನು ಓದಲು ಹೇಳಿ.

ಮೊದಲ ವಾರ ಬ್ಯಾಂಕ್ ಸಹಿದಾರರನ್ನು ಬದಲಾಯಿಸಿ. ಠರಾವಿನ ಪ್ರತಿ, ಹೊಸಬರ ಪ್ಯಾನ್, ಆಧಾರ್, ಫೋಟೋ, ನೋಂದಣಿ ಪ್ರಮಾಣಪತ್ರ ಬೇಕಾಗುತ್ತದೆ. ಠರಾವಿನಲ್ಲಿ ಖಾತೆ ಸಂಖ್ಯೆ, ಯಾರ ಹೆಸರು ತೆಗೆಯಬೇಕು, ಯಾರದ್ದು ಸೇರಿಸಬೇಕು, ‘ಯಾರಾದರೂ ಇಬ್ಬರು ಒಟ್ಟಾಗಿ’ ಸಹಿ ಮಾಡಬೇಕು ಅನ್ನುವುದು ಸ್ಪಷ್ಟವಾಗಿರಲಿ. ಇದರಲ್ಲಿ ಒಂದು ಪದ ತಪ್ಪಿದರೂ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ದಾಖಲಿಸುವುದು, ಇನ್ನೊಬ್ಬರು ಒಪ್ಪಿಗೆ ಕೊಡುವುದು ಅನ್ನುವ ವ್ಯವಸ್ಥೆಯನ್ನೇ ಕೇಳಿ ಪಡೆಯಿರಿ. ಪಾಸ್‌ವರ್ಡ್ ಫೆಸಿಲಿಟಿ ಮ್ಯಾನೇಜರ್ ಕೈಗೆ ಕೊಡಲೇಬೇಡಿ.

ಬಹಳ ಜನಕ್ಕೆ ಹೊಳೆಯದ ವಿಷಯ ಮೊಬೈಲ್ ನಂಬರು. ಆದಾಯ ತೆರಿಗೆ ಪೋರ್ಟಲ್, ಟಿಡಿಎಸ್ (ಪಾವತಿ ಮಾಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಖಾತೆ, ಬೆಸ್ಕಾಂ, ಜಲಮಂಡಳಿ, ಗೇಟ್ ಆ್ಯಪ್ ಎಲ್ಲಕ್ಕೂ ಒಟಿಪಿ ಹೋಗುವುದು ಎರಡು ಕಮಿಟಿ ಹಿಂದಿನ ಖಜಾಂಚಿಯ ಫೋನಿಗೆ. ಅವರು ಮನೆ ಮಾರಿ ಹೋಗಿದ್ದರೆ ರಿಟರ್ನ್ ಹಾಕುವ ಕೊನೇ ದಿನ ಪೇಚಾಟ. ಸಂಘದ ಹೆಸರಲ್ಲಿ ಒಂದು ಸಿಮ್, ಒಂದು ಇಮೇಲ್ ಮಾಡಿಸಿ, ಎಲ್ಲ ಕಡೆ ಅದನ್ನೇ ನಮೂದಿಸಿ.

ಕಾರ್ಪಸ್. 78 ಲಕ್ಷ ಒಂದೇ ಬ್ಯಾಂಕಿನಲ್ಲಿ ಇಟ್ಟಿರುವುದು ಸರಿಯಲ್ಲ. ಠೇವಣಿ ವಿಮೆ 2020ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ. ಸಂಘ ಅಂದರೆ ಒಬ್ಬರೇ ಠೇವಣಿದಾರರು, 120 ಮನೆಗೆ 120 ಸಲ ವಿಮೆ ಸಿಗುವುದಿಲ್ಲ. ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಯ ಆಸೆಗೆ ಉಳಿದ 73 ಲಕ್ಷ ವಿಮೆಯಿಲ್ಲದೆ ಕೂತಿದೆ. ಅವಧಿ ಮುಗಿಯುತ್ತ ಬಂದ ಹಾಗೆ ಎರಡು ಮೂರು ದೊಡ್ಡ ಬ್ಯಾಂಕುಗಳಿಗೆ ಹಂಚಿ, ಒಂದೊಂದು ಎಫ್‌ಡಿ ಬೇರೆ ಬೇರೆ ತಿಂಗಳಲ್ಲಿ ಮುಗಿಯುವ ಹಾಗೆ ಇಡಿ. ತುರ್ತು ಖರ್ಚು ಬಂದರೆ ಪೂರ್ತಿ ಮುರಿಯಬೇಕಾಗುವುದಿಲ್ಲ.

ತೆರಿಗೆ: ಸದಸ್ಯರಿಂದ ಬರುವ ಮೇಂಟೆನೆನ್ಸ್‌ಗೆ ಆದಾಯ ತೆರಿಗೆ ಇಲ್ಲ, ಎಲ್ಲರೂ ಸೇರಿ ಹಾಕಿ ಎಲ್ಲರಿಗಾಗಿ ಖರ್ಚು ಮಾಡುವ ದುಡ್ಡು ಅದು. ಆದರೆ ಬ್ಯಾಂಕ್ ಬಡ್ಡಿಗೆ ತೆರಿಗೆ ಇದೆ. ಬ್ಯಾಂಕೇ ಸದಸ್ಯನಾಗಿದ್ದರೂ ಎಫ್‌ಡಿ ಬಡ್ಡಿ ತೆರಿಗೆಗೆ ಒಳಪಡುತ್ತದೆ ಅಂತ 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. 78 ಲಕ್ಷಕ್ಕೆ ಶೇ 7ರ ಲೆಕ್ಕದಲ್ಲಿ ವರ್ಷಕ್ಕೆ 5,46,000 ಬಡ್ಡಿ. ಇದಕ್ಕೆ ರಿಟರ್ನ್ ಹಾಕಿದ್ದಾರಾ ನೋಡಿ.

ಟಿಡಿಎಸ್: ನಿಮ್ಮದು ಸೊಸೈಟಿ ಕಾಯ್ದೆಯ ಸಂಘ ಆದ್ದರಿಂದ ಗುತ್ತಿಗೆದಾರರಿಗೆ ಕೊಡುವಾಗ ಕಡಿತ ಮಾಡಲೇಬೇಕು. ಒಂದು ಬಿಲ್ 30,000 ದಾಟಿದರೆ ಅಥವಾ ವರ್ಷದ ಮೊತ್ತ 1 ಲಕ್ಷ ದಾಟಿದರೆ, ವ್ಯಕ್ತಿಗೆ ಶೇ 1, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ ಶೇ 2. ವಕೀಲರು, ಆಡಿಟರ್, ಎಂಜಿನಿಯರ್ ಸಲಹೆಯ ಶುಲ್ಕಕ್ಕೆ ಶೇ 10. ಕಡಿತ ಮಾಡಿದ್ದನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಕಡಿತ ಮಾಡಿಯೂ ಕಟ್ಟದಿದ್ದರೆ ತಿಂಗಳಿಗೆ ಶೇ 1.5 ಬಡ್ಡಿ, ತ್ರೈಮಾಸಿಕ ರಿಟರ್ನ್ ತಡವಾದರೆ ದಿನಕ್ಕೆ 200 ರೂಪಾಯಿ. ಟ್ಯಾಂಕರ್‌ನವರಿಗೆ, ಮೂರು ತಿಂಗಳಿಗೊಮ್ಮೆ ಬರುವ ಪೇಂಟರ್‌ಗೆ ಕಡಿತ ಮಾಡುವುದನ್ನು ಮರೆಯುತ್ತಾರೆ.

ಜಿಎಸ್‌ಟಿ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಅರ್ಧ ಮಾಹಿತಿ ನಂಬಬೇಡಿ. ಸದಸ್ಯರಿಗೆ ತಿಂಗಳಿಗೆ 7,500 ರೂಪಾಯಿವರೆಗೆ ವಿನಾಯಿತಿ, 2018ರ ಜನವರಿಯಿಂದ. ನಿಮ್ಮ ವರ್ಷದ ವಸೂಲಿ 65,52,000, ಅಂದರೆ ಜಿಎಸ್‌ಟಿ ನೋಂದಣಿಯ 20 ಲಕ್ಷದ ಮಿತಿ ದಾಟಿದೆ. ಆದರೆ ಸರಾಸರಿ 1,300 ಚದರಡಿ ಮನೆಗೆ ಬರುವುದು 4,550, ಅದಕ್ಕೆ ತೆರಿಗೆ ಇಲ್ಲ. ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. 2,200 ಚದರಡಿಯ ಮನೆ ಇದ್ದರೆ ಅದರ ಮೇಂಟೆನೆನ್ಸ್ 7,700, ಮಿತಿ ದಾಟಿತು. 2019ರ ಸುತ್ತೋಲೆ ಪ್ರಕಾರ ಇಡೀ 7,700ಕ್ಕೆ ಶೇ 18, ಅಂದರೆ 1,386. ಹೆಚ್ಚುವರಿ 200ಕ್ಕೆ ಮಾತ್ರ, ಅಂದರೆ 36 ರೂಪಾಯಿ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದೆ. ಯಾವ ದಾರಿ ಹಿಡಿಯಬೇಕು ಅಂತ ಆಡಿಟರ್ ಬಳಿ ಬರೆಸಿಕೊಳ್ಳಿ. ಎರಡನೆಯದು ತಾರಸಿ ಮೇಲಿನ ಮೊಬೈಲ್ ಟವರ್ ಬಾಡಿಗೆ, ಹೊರಗಿನವರಿಗೆ ಕೊಟ್ಟ ಪಾರ್ಟಿ ಹಾಲ್ ಬಾಡಿಗೆ. ಇವಕ್ಕೆ ವಿನಾಯಿತಿ ಇಲ್ಲ. 20 ಲಕ್ಷದ ಲೆಕ್ಕ ಹಾಕುವಾಗ ವಿನಾಯಿತಿ ಇರುವ ಮೇಂಟೆನೆನ್ಸ್ ಕೂಡ ಸೇರುವುದರಿಂದ, ಟವರ್ ಬಾಡಿಗೆ ಸಣ್ಣದೇ ಇದ್ದರೂ ನೋಂದಣಿ ಮಾಡಿಸಬೇಕಾಗುತ್ತದೆ.

ಮುಂದಿನ ದೊಡ್ಡ ಖರ್ಚುಗಳಿಗೆ ಈಗಿನಿಂದಲೇ ಎತ್ತಿಡಿ. ಉದಾಹರಣೆಗೆ ಹೊರಬಣ್ಣಕ್ಕೆ 18 ಲಕ್ಷ ಅಂದಾಜು, ಆರು ವರ್ಷಕ್ಕೊಮ್ಮೆ ಅಂದುಕೊಳ್ಳಿ. ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25,000, ನಿಮ್ಮ ಚದರಡಿಗೆ ಹಂಚಿದರೆ 16 ಪೈಸೆ. ಇದನ್ನು ಸಭೆಯಲ್ಲಿ ಹೀಗೆ ಪೈಸೆ ಲೆಕ್ಕದಲ್ಲಿ ಇಟ್ಟರೆ ಜನ ಒಪ್ಪುತ್ತಾರೆ. ಕೆಲಸ ಎದುರಿಗೆ ಬಂದಾಗ ಮನೆಗೆ 15,000 ಕೊಡಿ ಅಂದರೆ ಜಗಳ ಗ್ಯಾರಂಟಿ. ಲಿಫ್ಟ್ ರೋಪ್, ಜನರೇಟರ್ ಓವರ್‌ಹಾಲ್, ಎಸ್‌ಟಿಪಿ ಬ್ಲೋವರ್, ತಾರಸಿ ವಾಟರ್‌ಪ್ರೂಫಿಂಗ್‌ಗೂ ಇದೇ ಲೆಕ್ಕ.


ಉತ್ತರ 3: ಪಂಪ್ ರೂಮ್

ಯಂತ್ರಗಳ ಕಡೆ ಬರೋಣ. ಕಮಿಟಿಯಲ್ಲಿ ಒಬ್ಬರಾದರೂ ವಾರಕ್ಕೊಮ್ಮೆ ಬೇಸ್‌ಮೆಂಟಿಗೆ ಇಳಿಯಬೇಕು. ಮ್ಯಾನೇಜರ್ ಕಳಿಸುವ ವರದಿಯಲ್ಲಿ ಎಲ್ಲವೂ ‘ಓಕೆ’ ಅಂತಲೇ ಇರುತ್ತದೆ.

ಎಸ್‌ಟಿಪಿ: 120 ಮನೆಗೆ ನಾಲ್ಕು ಜನರಂತೆ, ತಲೆಗೆ 135 ಲೀಟರ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 65,000 ಲೀಟರ್ ನೀರು. ಅದರಲ್ಲಿ ಶೇ 80 ಕೊಳಚೆಯಾಗಿ ಬಂದರೆ 52,000 ಲೀಟರ್. ನಿಮ್ಮ ಫ್ಲೋ ಮೀಟರ್ 20,000 ತೋರಿಸುತ್ತಿದ್ದರೆ ಮೀಟರ್ ಕೆಟ್ಟಿದೆ, ಇಲ್ಲವೇ ಎಲ್ಲೋ ಬೈಪಾಸ್ ಆಗಿ ಚರಂಡಿಗೆ ಹೋಗುತ್ತಿದೆ, ಇಲ್ಲವೇ ಅರ್ಧ ಮನೆ ಖಾಲಿ ಇದೆ. ವಾಸನೆ ಬರಲು ಅತಿ ಸಾಮಾನ್ಯ ಕಾರಣ ಕರೆಂಟ್ ಉಳಿಸಲು ರಾತ್ರಿ ಬ್ಲೋವರ್ (ಏರೇಷನ್ ಟ್ಯಾಂಕಿನ ಕೊಳಚೆಗೆ ಗಾಳಿ ಊದುವ ಯಂತ್ರ) ನಿಲ್ಲಿಸುವುದು. ಗಾಳಿ ನಿಂತು ಕೆಲವು ಗಂಟೆ ಕಳೆದರೆ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಸೊರಗುತ್ತವೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಬ್ಲೋವರಿಗೆ ಗಂಟೆ ಎಣಿಸುವ ಮೀಟರ್ ಹಾಕಿಸಿ, ಸುಳ್ಳು ನಡೆಯುವುದಿಲ್ಲ.

ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಒಂದಿದೆ. ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಗಾಜಿನ ಅಳತೆ ಜಾಡಿಯಲ್ಲಿ ತುಂಬಿ 30 ನಿಮಿಷ ಅಲುಗಾಡಿಸದೆ ಇಡಿ. ಕಂದು ಕೆಸರು ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲಬೇಕು. ಕೆಸರು ಸುಮಾರು ಮೂರನೇ ಒಂದು ಭಾಗ ಇದ್ದರೆ ಸರಿಯಿದೆ. ನೂರು ಮಿಲಿಗಿಂತ ಕಡಿಮೆ ಇದ್ದರೆ ಬ್ಯಾಕ್ಟೀರಿಯಾ ಸಾಲದು, ಬಿಳಿ ನೊರೆಯೂ ಕಾಣುತ್ತದೆ. ಆರು ಏಳು ನೂರು ಮಿಲಿ ಇದ್ದರೆ ಕೆಸರು ಹೊರತೆಗೆದಿಲ್ಲ, ಇಲ್ಲವೇ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಕೆಸರು ಹಿಂಡುವ ಫಿಲ್ಟರ್ ಪ್ರೆಸ್ ಕೊನೇ ಬಾರಿ ಯಾವತ್ತು ಓಡಿತು ಅಂತ ಕೇಳಿ. ಬಹಳ ಕಡೆ ತುಕ್ಕು ಹಿಡಿದು ನಿಂತಿರುತ್ತದೆ. ತಿಂಗಳ ಲ್ಯಾಬ್ ವರದಿಯ ಅಂಕಿಗಳನ್ನು ಸಮ್ಮತಿ ಪತ್ರದಲ್ಲಿ ಬರೆದ ಮಿತಿಗಳ ಪಕ್ಕದಲ್ಲಿ ಇಟ್ಟು ನೋಡಿ, ಸ್ಯಾಂಪಲ್ ತೆಗೆಯುವಾಗ ಕಮಿಟಿಯ ಒಬ್ಬರು ನಿಂತಿರಲಿ.

ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ. ಎಸ್‌ಟಿಪಿ ಟ್ಯಾಂಕ್, ಮ್ಯಾನ್‌ಹೋಲ್, ಪಿಟ್ ಒಳಗೆ ಮನುಷ್ಯರನ್ನು ಇಳಿಸಬಾರದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಒಬ್ಬ ಬಿದ್ದರೆ ಎತ್ತಲು ಇಳಿದ ಇನ್ನೊಬ್ಬನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನು ಅಪರಾಧ ಅನ್ನುತ್ತದೆ. ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿದೆ. ಗುತ್ತಿಗೆದಾರ ಕಳಿಸಿದ ಹುಡುಗ ಅಂತ ನೀವು ಕೈ ತೊಳೆದುಕೊಳ್ಳಲಾಗದು, ಪದಾಧಿಕಾರಿಗಳ ಮೇಲೂ ಕೇಸ್ ಬರುತ್ತದೆ. ಕೆಲಸದ ಕರಾರಿನಲ್ಲಿ ‘ಯಂತ್ರದಿಂದ ಮಾತ್ರ’ ಅಂತ ಬರೆಸಿ, ಟ್ಯಾಂಕಿನ ಮುಚ್ಚಳಗಳಿಗೆ ಬೀಗ ಹಾಕಿ, ಕೀಲಿ ಕಮಿಟಿಯವರ ಬಳಿ ಇರಲಿ.

ಟ್ಯಾಂಕರ್ ನೀರು: 12,000 ಲೀಟರ್ ಅಂತ ಬಿಲ್ ಮಾಡಿ 9,000 ಸುರಿದು ಹೋಗುವುದನ್ನು ಸಂಪಿನಿಂದಲೇ ಹಿಡಿಯಬಹುದು. ಸಂಪಿನ ಒಳ ಅಳತೆ 6 ಮೀಟರ್ ಉದ್ದ, 4 ಮೀಟರ್ ಅಗಲ ಅಂದುಕೊಳ್ಳಿ. ನೆಲ 24 ಚದರ ಮೀಟರ್, 12,000 ಲೀಟರ್ ಬಿದ್ದರೆ ಮಟ್ಟ 50 ಸೆಂಟಿಮೀಟರ್ ಏರಬೇಕು. ಗೋಡೆಗೆ ಸೆಂಟಿಮೀಟರ್ ಗುರುತು ಹಚ್ಚಿಸಿ. ನೀರು ಇಳಿಸುವಾಗ ಮೇಲಿನ ಟ್ಯಾಂಕಿಗೆ ಹೋಗುವ ಪಂಪ್, ಕಾವೇರಿ ಮತ್ತು ಬೋರ್‌ವೆಲ್ ವಾಲ್ವ್ ಎಲ್ಲ ಬಂದ್ ಇರಬೇಕು, ಇಲ್ಲವಾದರೆ ಅಳತೆಗೆ ಅರ್ಥವಿಲ್ಲ. ಗಾರ್ಡ್ ಮೊದಲಿನ ಮಟ್ಟ, ನಂತರದ ಮಟ್ಟ, ಗಾಡಿ ನಂಬರು ಮೂರನ್ನೂ ಪುಸ್ತಕದಲ್ಲಿ ಬರೆದು ಡ್ರೈವರ್ ಸಹಿ ಪಡೆಯಲಿ. ಬಿಲ್ ಪಾಸ್ ಆಗುವುದು ಆ ಪುಸ್ತಕದ ಪ್ರಕಾರ.

ಬೆಂಕಿ ಪಂಪು: ಪ್ಯಾನೆಲ್ ಮುಂದೆ ಹೋಗಿ ಸ್ವಿಚ್ ‘ಆಟೋ’ದಲ್ಲಿದೆಯಾ ನೋಡಿ. ಬಹುಪಾಲು ‘ಮ್ಯಾನುವಲ್’ ಅಥವಾ ‘ಆಫ್’ ಇರುತ್ತದೆ, ಯಾಕೆಂದರೆ ಪೈಪಿನಲ್ಲೆಲ್ಲೋ ಸಣ್ಣ ಸೋರಿಕೆ ಇದ್ದು ಜಾಕಿ ಪಂಪ್ (ಪೈಪಿನಲ್ಲಿ ಒತ್ತಡ ಕಾಯುವ ಸಣ್ಣ ಪಂಪ್) ಪದೇ ಪದೇ ಓಡುತ್ತಿರುತ್ತದೆ, ಗದ್ದಲ ಅಂತ ಆಪರೇಟರ್ ಆಫ್ ಮಾಡಿರುತ್ತಾನೆ. ಸೋರಿಕೆ ಹುಡುಕಿ ರಿಪೇರಿ ಮಾಡಿಸಿ ಆಟೋಗೆ ಹಾಕಿ. ತಿಂಗಳಿಗೊಮ್ಮೆ ಮೇಲಿನ ಮಹಡಿಯ ಹೈಡ್ರಂಟ್ ತೆರೆದು ನೀರು ಬರುತ್ತದಾ, ಒತ್ತಡ ಬಿದ್ದಾಗ ಮುಖ್ಯ ಪಂಪ್ ತಾನಾಗಿ ಶುರುವಾಗುತ್ತದಾ ಪರೀಕ್ಷಿಸಿ. ಡೀಸೆಲ್ ಪಂಪಿನ ಬ್ಯಾಟರಿ ಸತ್ತಿರುವುದೂ ಸಾಮಾನ್ಯ.

ಲಿಫ್ಟ್: 2012ರ ಕರ್ನಾಟಕ ಲಿಫ್ಟ್ ಕಾಯ್ದೆಯಡಿ ಲೈಸೆನ್ಸ್ ಬೇಕು, ಅವಧಿ ನೋಡಿಕೊಳ್ಳಿ. ಎಎಂಸಿ ‘ಕಾಂಪ್ರಿಹೆನ್ಸಿವ್’ ಅಂದರೂ ಸೇರದ ಭಾಗಗಳ ಪಟ್ಟಿ ಹಿಂದಿನ ಪುಟದಲ್ಲಿರುತ್ತದೆ: ರೋಪ್, ಮೋಟಾರ್, ಕಂಟ್ರೋಲ್ ಬೋರ್ಡ್, ಎಆರ್‌ಡಿ (ಕರೆಂಟ್ ಹೋದಾಗ ಲಿಫ್ಟನ್ನು ಮಹಡಿಗೆ ತರುವ ಸಾಧನ) ಬ್ಯಾಟರಿ. ಸಹಿ ಮಾಡುವ ಮುಂಚೆ ಅದನ್ನು ಓದಿ. ಕರೆಂಟ್ ತೆಗೆದು ಎಆರ್‌ಡಿ ಹತ್ತಿರದ ಮಹಡಿಗೆ ಲಿಫ್ಟ್ ತಂದು ಬಾಗಿಲು ತೆರೆಯುತ್ತದಾ ಅಂತ ಮೂರು ತಿಂಗಳಿಗೊಮ್ಮೆ ಖಾಲಿ ಲಿಫ್ಟಿನಲ್ಲಿ ನೋಡಿ. ಮಳೆಗಾಲದಲ್ಲಿ ಲಿಫ್ಟ್ ಪಿಟ್‌ನಲ್ಲಿ ನೀರು ನಿಂತರೆ ಮೊದಲು ಲಿಫ್ಟ್ ನಿಲ್ಲಿಸಿ, ಆಮೇಲೆ ಫೋನ್ ಮಾಡಿ.


ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ, ರೇರಾ ಐದು ವರ್ಷದ ವಿಷಯ ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಇನ್ನೆರಡು ಪ್ರಶ್ನೆ. 11 ಬಾಕಿದಾರರಲ್ಲಿ ಒಬ್ಬರದ್ದು 14 ತಿಂಗಳು. ನೀರು ಕಟ್ ಮಾಡಿ, ಹೆಸರು ಲಿಫ್ಟ್‌ನಲ್ಲಿ ಅಂಟಿಸಿ ಅಂತ ಕೆಲವರ ಒತ್ತಾಯ. ಇನ್ನೊಂದು, ಸೆಕ್ಯುರಿಟಿ ಏಜೆನ್ಸಿ ಬದಲಾಯಿಸಬೇಕು ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಕೊಟೇಷನ್‌ಗಳ ನಡುವೆ ಅಜಗಜಾಂತರ ವ್ಯತ್ಯಾಸ ಇದೆ, ಹೋಲಿಸುವುದು ಹೇಗೆ?


ಉತ್ತರ 4: ಬನಶಂಕರಿ ನಿವಾಸಿ

ಬಾಕಿ ವಿಷಯಕ್ಕೆ ನನ್ನ ಅಭಿಪ್ರಾಯ: ಹೆಸರು ಹಾಕಿ ಸರ್. ದುಡ್ಡು ಕೊಡದೆ ಲಿಫ್ಟ್, ನೀರು ಎಲ್ಲ ಬಳಸುವವರಿಗೆ ಮುಲಾಜು ಯಾಕೆ? ಫ್ಲಾಟ್ ನಂಬರ್, ಮೊತ್ತ ನೋಟಿಸ್ ಬೋರ್ಡಿನಲ್ಲಿ ಬಂದರೆ ಒಂದೇ ವಾರದಲ್ಲಿ ಅರ್ಧ ವಸೂಲಾಗುತ್ತದೆ.


ಉತ್ತರ 1ರವರು ಮತ್ತೆ: ಕಾಗದಪತ್ರ

ಇದನ್ನು ಒಪ್ಪಲಾರೆ. ಬಾಕಿ ಪಟ್ಟಿಯನ್ನು ಲೆಕ್ಕಪತ್ರದ ಭಾಗವಾಗಿ ಸದಸ್ಯರ ಸಭೆಯಲ್ಲಿ ಇಡುವುದು ಸಂಘದ ಕರ್ತವ್ಯ. ಡೆಲಿವರಿ ಹುಡುಗರು, ನೆಂಟರು ಓಡಾಡುವ ಲಿಫ್ಟಿನಲ್ಲಿ ಹೆಸರು ಅಂಟಿಸುವುದು ಬೇರೆ ಮಾತು. ಬಾಕಿದಾರರ ಕಡೆಯಿಂದ ಮಾನನಷ್ಟದ ನೋಟಿಸ್ ಬಂದರೆ ಮುಖ್ಯ ವಿಷಯ ಹಿಂದೆ ಸರಿದು ಕಮಿಟಿಯೇ ಉತ್ತರ ಕೊಡಬೇಕಾಗುತ್ತದೆ. ನೀರು, ಕರೆಂಟ್ ಕಟ್ ಮಾಡುವುದಂತೂ ಬೇಡ. ಅಗತ್ಯ ಸೇವೆ ನಿಲ್ಲಿಸಿದ್ದಕ್ಕೆ ಪೊಲೀಸ್ ದೂರು ಬರುತ್ತದೆ, ಕೋರ್ಟಿನಲ್ಲಿ ನಿಮ್ಮ ಪಕ್ಷ ಬಲಹೀನವಾಗುತ್ತದೆ. ಬೈಲಾದಲ್ಲಿ ಇದ್ದರೆ ಕ್ಲಬ್‌ಹೌಸ್, ಪಾರ್ಟಿ ಹಾಲ್‌ನಂಥ ಸೌಕರ್ಯ ತಡೆಯಬಹುದು.

ವಸೂಲಿಗೆ ಒಂದೇ ಏಣಿ ಮಾಡಿ, ಎಲ್ಲರಿಗೂ ಅದನ್ನೇ ಬಳಸಿ, ಅಧ್ಯಕ್ಷರ ಸ್ನೇಹಿತರಿಗೂ. ಒಂದನೇ ತಾರೀಖು ಬಿಲ್, 10ಕ್ಕೆ ಗಡುವು, 15ಕ್ಕೆ ನೆನಪು, ಎರಡು ತಿಂಗಳಿಗೆ ಸಂಘದ ಪತ್ರ, ಮೂರು ತಿಂಗಳಿಗೆ ವಕೀಲರ ನೋಟಿಸ್, ಆಮೇಲೆ ವಸೂಲಿ ದಾವೆ. ಬಡ್ಡಿ ಬೈಲಾದಲ್ಲಿ ಬರೆದಷ್ಟೇ, ಬರೆದಿಲ್ಲದ ಚಕ್ರಬಡ್ಡಿ ಹಾಕಿದರೆ ಇಡೀ ಲೆಕ್ಕ ಪ್ರಶ್ನೆಗೆ ಬರುತ್ತದೆ. ಹಣ ವಸೂಲಿಗೆ ಕಾಲಮಿತಿ ಮೂರು ವರ್ಷ ಅನ್ನುವುದು ನೆನಪಿರಲಿ, ಹಳೇ ಬಾಕಿಗಳು ಒಂದೊಂದೇ ತಿಂಗಳು ಕೈತಪ್ಪುತ್ತ ಹೋಗುತ್ತವೆ. ಬಾಕಿದಾರರು ಭಾಗಶಃ ಕಟ್ಟಿದಾಗ ‘ಉಳಿದ ಬಾಕಿ ಇಷ್ಟು’ ಅಂತ ಸಹಿ ಪಡೆದ ಪತ್ರ ಇಟ್ಟುಕೊಳ್ಳಿ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಹೊಣೆ ಮಾಲೀಕರದ್ದೇ. ಬಾಡಿಗೆದಾರರನ್ನು ಗೇಟಿನಲ್ಲಿ ಪೀಡಿಸಬೇಡಿ. 1972ರ ಕಾಯ್ದೆಯಡಿ ಬಾಕಿ ಆ ಮನೆಯ ಮೇಲೆಯೇ ಋಣವಾಗಿ ಕೂರುತ್ತದೆ, ಕೊಳ್ಳುವವರಿಗೂ ಅಂಟುತ್ತದೆ. ನಿಮ್ಮಲ್ಲಿ ಡಿಕ್ಲರೇಷನ್ ಇದೆಯಾ ಅಂತ ನೋಡಿ ಅಂದದ್ದು ಇದಕ್ಕೂ ಸೇರಿಸಿಯೇ.

14 ತಿಂಗಳ ಬಾಕಿಯವರ ಬಳಿ ಮೊದಲು ಇಬ್ಬರು ಹೋಗಿ ಮಾತಾಡಿ. ಎಷ್ಟೋ ಸಲ ಹಿಂದೆ ಕೊಟ್ಟ ಸೋರಿಕೆ ದೂರಿಗೆ ಯಾರೂ ಉತ್ತರಿಸದ ಸಿಟ್ಟು ಇರುತ್ತದೆ. ದೂರನ್ನು ಬೇರೆಯಾಗಿ ಪರಿಹರಿಸಿ, ಬಾಕಿಯನ್ನು ಕಂತಿನಲ್ಲಿ ಬರೆಸಿಕೊಳ್ಳಿ. ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಡಿ.


ಉತ್ತರ 5: ಗೇಟ್ ನಂ. 2

ಸೆಕ್ಯುರಿಟಿ ಕೊಟೇಷನ್ ಹೋಲಿಸಲು ಏಜೆನ್ಸಿಗಳಿಗೆ ನಿಮ್ಮದೇ ಒಂದು ನಮೂನೆ ಕೊಟ್ಟು ತುಂಬಿಸಿ. ಸಾಲುಗಳು: ಮೂಲ ವೇತನ ಮತ್ತು ತುಟ್ಟಿಭತ್ಯೆ (ರಾಜ್ಯ ಸರ್ಕಾರದ ಆ ವರ್ಷದ ಕನಿಷ್ಠ ವೇತನ ಅಧಿಸೂಚನೆ ಪ್ರಕಾರ), ಮಾಲೀಕರ ಪಾಲಿನ ಪಿಎಫ್ ಆಡಳಿತ ಶುಲ್ಕ ಸೇರಿ ಶೇ 13, ಇಎಸ್‌ಐ ಶೇ 3.25, ಬೋನಸ್ ಶೇ 8.33, ವಾರದ ರಜೆಗೆ ಬದಲಿ ಗಾರ್ಡ್ ಖರ್ಚು ಆರನೇ ಒಂದು ಭಾಗ, ಸಮವಸ್ತ್ರ, ಏಜೆನ್ಸಿ ಶುಲ್ಕ, ಜಿಎಸ್‌ಟಿ. ಏಜೆನ್ಸಿ ಹೇಳಿದ ಮೊತ್ತ ಕನಿಷ್ಠ ವೇತನದ ಈ ಲೆಕ್ಕಕ್ಕಿಂತ ಕಡಿಮೆ ಇದ್ದರೆ, ಕಡಿತ ಆಗುತ್ತಿರುವುದು ಗಾರ್ಡಿನ ಸಂಬಳ ಅಥವಾ ಪಿಎಫ್‌ನಿಂದಲೇ. ಅಗ್ಗದ ಕೊಟೇಷನ್ ಅಲ್ಲಿಗೆ ಬಿಡಿ.

ಎಷ್ಟು ಗಾರ್ಡ್ ಬೇಕು: ಒಂದು ಜಾಗಕ್ಕೆ ದಿನಕ್ಕೆ 8 ಗಂಟೆಯ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ ಆರು ಪಾಳಿ ಮಾಡಿದರೆ ಮೂರೂವರೆ ಜನ. ಮೂರು ಜಾಗಕ್ಕೆ ಹತ್ತೂವರೆ, ಅಂದರೆ 11 ಜನ. ಏಜೆನ್ಸಿ ಆರೇ ಜನರ ಹೆಸರು ಕೊಟ್ಟರೆ ಅವರು ದಿನಕ್ಕೆ 12 ಗಂಟೆ, ವಾರದ ಏಳೂ ದಿನ ದುಡಿಯುತ್ತಾರೆ ಅಂತ ಲೆಕ್ಕ. ರಾತ್ರಿ ಮೂರಕ್ಕೆ ಅವರು ನಿದ್ದೆ ಹೋದರೆ ಬೈದು ಪ್ರಯೋಜನವಿಲ್ಲ. ಕುರ್ಚಿ, ಕುಡಿಯುವ ನೀರು, ಶೌಚಾಲಯ, ಊಟಕ್ಕೆ ಜಾಗ ಕೊಡುವುದು ಸಂಘದ ಕೆಲಸ, ಇದನ್ನು ಕರಾರಿಗಿಂತ ಮೊದಲು ಸರಿ ಮಾಡಿ.

ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಲೈಸೆನ್ಸ್ ಇರಬೇಕು. ಪ್ರತಿ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಮತ್ತು ಹೆಸರುಗಳ ಪಟ್ಟಿ ತರಿಸಿ, ನಿಮ್ಮ ಗೇಟ್ ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ. ಪಟ್ಟಿಯಲ್ಲಿ ಇಲ್ಲದವರು ಗೇಟಿನಲ್ಲಿದ್ದರೆ, ಗೇಟಿನಲ್ಲಿ ಇಲ್ಲದವರು ಪಟ್ಟಿಯಲ್ಲಿದ್ದರೆ ಬಿಲ್ ತಡೆಯಿರಿ. ಏಜೆನ್ಸಿ ಪಿಎಫ್ ಕಟ್ಟದಿದ್ದರೆ ಬಾಕಿ ಕೇಳಿಕೊಂಡು ಇಲಾಖೆ ಸಂಘದ ಬಾಗಿಲಿಗೂ ಬರಬಹುದು. ಕಮಿಟಿ ಸದಸ್ಯರ ಬಂಧುಗಳ ಏಜೆನ್ಸಿ ಕೊಟೇಷನ್ ಹಾಕಿದ್ದರೆ ಆ ಸದಸ್ಯರು ಅದನ್ನು ಮೊದಲೇ ತಿಳಿಸಿ, ಆ ಚರ್ಚೆಯ ಹೊತ್ತಿಗೆ ಹೊರಗಿರಲಿ. ನಡಾವಳಿಯಲ್ಲಿ ಅದು ದಾಖಲಾಗಲಿ.


ಉತ್ತರ 6: ನಡಾವಳಿ ಪುಸ್ತಕ

ಕಾರ್ಯದರ್ಶಿ ಅಂದಮೇಲೆ ಸಭೆ ನಿಮ್ಮ ಕೆಲಸ, ಅದರ ಬಗ್ಗೆ ಯಾರೂ ಹೇಳಿಲ್ಲ.

ಕಮಿಟಿ ಸಭೆ ತಿಂಗಳಿಗೆ ಎರಡು, ತಲಾ ಒಂದೂವರೆ ಗಂಟೆ ಸಾಕು. ವಿಷಯಪಟ್ಟಿ ಮೂರು ದಿನ ಮುಂಚೆ ಹೋಗಲಿ, ಕೊಟೇಷನ್ ಇದ್ದರೆ ಅದರ ಜೊತೆಗೇ. ಸಭೆಯಲ್ಲಿ ಕೂತು ಕೊಟೇಷನ್ ಓದುವ ಕಮಿಟಿ ಯಾವ ತೀರ್ಮಾನಕ್ಕೂ ಬರುವುದಿಲ್ಲ. ನಡಾವಳಿಯಲ್ಲಿ ಯಾರು ಏನಂದರು ಅನ್ನುವ ವರದಿ ಬೇಡ. ಪ್ರತಿ ವಿಷಯಕ್ಕೆ ತೀರ್ಮಾನ, ಮೊತ್ತ, ಎಷ್ಟು ಕೊಟೇಷನ್ ಬಂದಿದ್ದವು, ಕಡಿಮೆಯದ್ದನ್ನು ಬಿಟ್ಟಿದ್ದರೆ ಕಾರಣ, ಕೆಲಸ ಯಾರದ್ದು, ಯಾವತ್ತಿಗೆ, ಭಿನ್ನಾಭಿಪ್ರಾಯ ಇದ್ದರೆ ಹೆಸರು ಸಮೇತ. ಎರಡು ದಿನದೊಳಗೆ ಕರಡು ಕಳಿಸಿ, ಮುಂದಿನ ಸಭೆಯ ಮೊದಲ ಐದು ನಿಮಿಷದಲ್ಲಿ ಅಂಗೀಕರಿಸಿ ಸಹಿ ಮಾಡಿ, ಪುಟಗಳಿಗೆ ಸಂಖ್ಯೆ ಹಾಕಿ.

ಖರ್ಚಿನ ಅಧಿಕಾರ ಬೈಲಾದಲ್ಲಿ ಇಲ್ಲದಿದ್ದರೆ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿಸಿಕೊಳ್ಳಿ. ನಿಮ್ಮ ಗಾತ್ರದ ಸಂಘಕ್ಕೆ 25,000ವರೆಗೆ ಕಾರ್ಯದರ್ಶಿ ಮತ್ತು ಖಜಾಂಚಿ, ಅಲ್ಲಿಂದ 2 ಲಕ್ಷದವರೆಗೆ ಕಮಿಟಿ, ಅದರ ಮೇಲೆ ಸಾಮಾನ್ಯ ಸಭೆ ಅನ್ನುವುದು ಹೊಂದುತ್ತದೆ. ತುರ್ತು ರಿಪೇರಿಗೆ ಬೇರೆ ವಾಕ್ಯ ಬರೆಸಿ, ರಾತ್ರಿ ಪಂಪ್ ಸುಟ್ಟರೆ ಮೂರು ಕೊಟೇಷನ್‌ಗೆ ಕಾಯಲಾಗದು. ಒಂದೇ ಕೆಲಸವನ್ನು ಮಿತಿಯ ಕೆಳಗೆ ಮೂರು ಬಿಲ್ ಮಾಡಿ ಒಡೆಯುವುದು ಲೆಕ್ಕಪರಿಶೋಧನೆಯಲ್ಲಿ ಎದ್ದು ಕಾಣುತ್ತದೆ.

ವಾಟ್ಸಾಪ್ ಗುಂಪು ಮಾಹಿತಿ ತಿಳಿಸಲು ಮಾತ್ರ, ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಇಡಿ. ದೂರು ಆ್ಯಪ್‌ನಲ್ಲಿ ಅಥವಾ ಕಚೇರಿ ಪುಸ್ತಕದಲ್ಲಿ ಸಂಖ್ಯೆಯೊಂದಿಗೆ ದಾಖಲಾಗಬೇಕು. ರಾತ್ರಿ 11ಕ್ಕೆ ಬಂದ ಮೆಸೇಜಿಗೆ ಕಮಿಟಿಯ ಒಬ್ಬರು ಸ್ವಂತ ಅಭಿಪ್ರಾಯ ಹೇಳಿದರೆ ಅದೇ ಸಂಘದ ತೀರ್ಮಾನ ಅಂತ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಪ್ರತಿ ತಿಂಗಳ 10ರೊಳಗೆ ಒಂದು ಪುಟದ ಲೆಕ್ಕ ಎಲ್ಲರಿಗೂ ಹೋಗಲಿ: ಬಂದದ್ದು, ಹೋದದ್ದು, ಬ್ಯಾಂಕ್ ಶಿಲ್ಕು, ಎಫ್‌ಡಿ, ಒಟ್ಟು ಬಾಕಿ, ಟ್ಯಾಂಕರ್ ಎಷ್ಟು, ಡೀಸೆಲ್ ಎಷ್ಟು ಲೀಟರ್. ಇದು ತಪ್ಪದೆ ಬರುತ್ತಿದ್ದರೆ ವಾರ್ಷಿಕ ಸಭೆಯ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ.

ಏಳು ಜನಕ್ಕೆ ಕೆಲಸ ಹೀಗೆ ಹಂಚಬಹುದು: ಲೆಕ್ಕ ಮತ್ತು ತೆರಿಗೆ ಒಬ್ಬರು, ವಸೂಲಿ ಒಬ್ಬರು, ನೀರು ಮತ್ತು ಎಸ್‌ಟಿಪಿ ಒಬ್ಬರು, ಲಿಫ್ಟ್, ಜನರೇಟರ್, ಬೆಂಕಿ ಪಂಪು ಒಬ್ಬರು, ಸೆಕ್ಯುರಿಟಿ ಮತ್ತು ಸ್ವಚ್ಛತೆ ಒಬ್ಬರು, ಬಿಲ್ಡರ್ ಮತ್ತು ಕಾನೂನು ಒಬ್ಬರು, ಸಭೆ ಮತ್ತು ಪತ್ರ ವ್ಯವಹಾರ ನೀವು. ಒಂದು ವಿಷಯಕ್ಕೆ ಇಬ್ಬರನ್ನು ಹಾಕಿದರೆ ಇಬ್ಬರೂ ನೋಡುವುದಿಲ್ಲ. ಬಿಲ್ಡರ್ ಹೊಣೆ ಹೊತ್ತವರಿಗೆ ಬೇರೆ ಏನೂ ಕೊಡಬೇಡಿ.


ಪ್ರಶ್ನೆ ಕೇಳಿದವರು

ತುಂಬ ಉಪಕಾರ ಆಯಿತು. ಸ್ಟ್ರಕ್ಚರಲ್ ಎಂಜಿನಿಯರ್ ಖರ್ಚಿಗೆ ಸಾಮಾನ್ಯ ಸಭೆ ಕರೆಯಲೇಬೇಕಾ, ಇಲ್ಲ ಕಮಿಟಿಯೇ ತೀರ್ಮಾನಿಸಬಹುದಾ?


ನಡಾವಳಿ ಪುಸ್ತಕ

ಬೈಲಾದ ಮಿತಿ ಒಳಗಿದ್ದರೆ ಕಮಿಟಿ ಠರಾವು ಸಾಕು, ಕಾರ್ಪಸ್ ಮುಟ್ಟದೆ ಈ ವರ್ಷದ ರಿಪೇರಿ ಬಾಬ್ತಿನಿಂದ ಕೊಡಿ. ಮಿತಿ ಮೀರಿದರೆ ಬೈಲಾದಲ್ಲಿ ಹೇಳಿದಷ್ಟು ದಿನದ ನೋಟಿಸ್ ಕೊಟ್ಟು ಇದೊಂದೇ ವಿಷಯಕ್ಕೆ ವಿಶೇಷ ಸಭೆ ಕರೆಯಿರಿ. ಕೋರಂ ಇಲ್ಲದೆ ಮುಂದೂಡಿದರೆ ಮತ್ತೆ ಸೇರುವ ದಿನ, ಹೊತ್ತು, ಜಾಗ ಅದೇ ನೋಟಿಸಿನಲ್ಲಿ ಇರಲಿ. ನೋಟಿಸಿಗೆ ಬಿಲ್ಡರ್ ಸ್ವಾಧೀನ ಕೊಟ್ಟ ಮೊದಲ ದಿನಾಂಕ ಮತ್ತು ಐದು ವರ್ಷ ಮುಗಿಯುವ ದಿನಾಂಕ ಎರಡನ್ನೂ ದಪ್ಪಕ್ಷರದಲ್ಲಿ ಹಾಕಿ, ಜನ ಬರುತ್ತಾರೆ.